ತಡಿಕೆ ಕಟ್ಟಿದವನು ನಿಂತ ಕಡೆ

ತಿಪಟೂರು
೧೧ ಜನವರಿ ೨೦೨೬, ಭಾನುವಾರ

ಪ್ರೀತಿಯ ಜುಂಜಾ,

ಒಂದು ವಿಷಯವನ್ನು ಹೇಳದೆಯೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಮೊದಲು ಬರೆದ ಕಾಗದದಲ್ಲಿ ಅಮ್ಮನ ಕಣ್ಣು, ಕೊಬ್ಬರಿ ರೇಟು, ಈ ಸಲದ ಚಳಿ, ಇಷ್ಟನ್ನೇ ಬರೆದು ಸಹಿ ಕೂಡ ಹಾಕಿದ್ದೆ. ಓದಿ ನೋಡಿದರೆ ಅದು ಯಾರಿಗೆ ಬೇಕಾದರೂ ಬರೆಯಬಹುದಾದ ಕಾಗದವಾಗಿತ್ತು. ಹರಿದು ಹಾಕಿ ಮತ್ತೆ ಕೂತಿದ್ದೇನೆ. ಬಿಟ್ಟುಬಿಡೋಣ ಎಂದುಕೊಂಡ ವಿಷಯ ಇದು: ಡಿಸೆಂಬರಿನಲ್ಲಿ ನಮ್ಮ ಕೈಪಿಡಿಯ ಉದಾಹರಣೆ ಸರಿಯಿಲ್ಲವೆಂದು ಹೆಸರು ಹೇಳದೆ ಬರೆದವನು ನೀನೇ ಎಂದು ನನಗೆ ಗೊತ್ತು. ಹೇಗೆ ಗೊತ್ತಾಯಿತೆಂದು ಮುಂದೆ ಹೇಳುತ್ತೇನೆ. ಗಾಬರಿಯಾಗಬೇಡ, ಬೈಯಲು ಬರೆಯುತ್ತಿಲ್ಲ.

ನೀನು ಹೇಗಿದ್ದೀಯ? ಹೊಳೆನರಸೀಪುರದ ಕಡೆ ಕೊಯ್ಲಾದ ಗದ್ದೆಗಳಲ್ಲಿ ಕುರಿ ಮಂದೆ ಹಾಕುತ್ತಿದ್ದೀರೆಂದು ಕಾಟಯ್ಯ ಮಾವ ಹೇಳಿ ಕಳಿಸಿದ್ದರು. ನಮ್ಮ ಕಡೆಯ ಒಣ ಚಳಿಯೇ ಬೇರೆ, ಗದ್ದೆ ಬಯಲಿನ ಇಬ್ಬನಿಯೇ ಬೇರೆ. ನಿನಗೆ ಮೊದಲೇ ಶೀತದ ಮೈ. ಕಂಬಳಿಯನ್ನು ಕುರಿಮರಿಗಳಿಗೆ ಹೊದಿಸಿ ನೀನು ಶರ್ಟಿನಲ್ಲಿ ಕೂರಬೇಡ. ಕಂಪ್ಯೂಟರ್ ಮುಂದೆ ಕೂತು ಮೆತ್ತಗಾಗಿದ್ದ ಕಾಲು, ಕೂಳೆ ಚುಚ್ಚಿ ಹೇಗಾಗಿದೆಯೋ. ಮಾವನ ಮಂಡಿನೋವಿಗೆ ಎಣ್ಣೆ ಕಳಿಸಬೇಕೆಂದಿದ್ದೆ, ಅಂಚೆಯಲ್ಲಿ ಸೀಸೆ ಒಡೆದರೆ ಎಂದು ಸುಮ್ಮನಾದೆ. ಫೋನು ಮಾಡಿದರೆ ಸ್ವಿಚ್ ಆಫ್. ಒಮ್ಮೊಮ್ಮೆ ಸಿಕ್ಕರೂ "ಚೆನ್ನಾಗಿದೀನಿ ಕಣಕ್ಕ, ಚಾರ್ಜಿಲ್ಲ" ಅಂತ ಇಟ್ಟುಬಿಡುತ್ತೀಯ. ನಮ್ಮ ಕೈಪಿಡಿಗೆ ಅಷ್ಟುದ್ದ ಬರೆಯಲು ಆ ಫೋನಿನಲ್ಲಿ ಚಾರ್ಜ್ ಇತ್ತಲ್ಲ, ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಿನ್ನ ಗತಿ ನೀನೇ ನೋಡಿಕೊ. ಮಾವ ಕೊಟ್ಟ ಗೊಬ್ಬರದ ಅಂಗಡಿಯ ವಿಳಾಸಕ್ಕೆ ಈ ಕಾಗದ ಹಾಕುತ್ತಿದ್ದೇನೆ. ಮಂದೆ ಮುಂದಿನ ಊರಿಗೆ ಏಳುವ ಮೊದಲು ನಿನ್ನ ಕೈ ಸೇರಲಿ.

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಆಯಿತು. ಹಟ್ಟಿಗೆ ಹೋದರೆ ಒಲೆ ಮುಂದೆ ಕೂರುತ್ತಾಳೆಂದು ಇಲ್ಲೇ ಇರಿಸಿಕೊಂಡಿದ್ದೇನೆ. ಕರಿ ಕನ್ನಡಕ ಹಾಕಿಕೊಂಡು ಇಡೀ ದಿನ ನನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಕೊಬ್ಬರಿಗೆಂದು ಅಟ್ಟದ ಮೇಲೆ ಒಣಗಲು ಬಿಟ್ಟ ತೆಂಗಿನಕಾಯಿ ಒಳಗೆ ಕಳಚಿಕೊಂಡಿತೋ ಇಲ್ಲವೋ ಎಂದು ನಿಮ್ಮ ಭಾವ ಒಂದೊಂದನ್ನೇ ಅಲ್ಲಾಡಿಸಿ ಕೇಳುತ್ತಿದ್ದರೆ, ಕೆಳಗಿನಿಂದಲೇ "ಇನ್ನೂ ನೀರೈತೆ ಬುಡಿ, ಇಳಿಸ್ಬ್ಯಾಡಿ" ಅಂತ ತೀರ್ಪು ಕೊಡುತ್ತಾಳೆ. ಇಷ್ಟು ವರ್ಷಗಳಲ್ಲಿ ಅವಳು ನನ್ನ ಕೆಲಸವನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. "ಕರೀ ಹಲಗೆ ಮ್ಯಾಲೆ ಬಿಳೀ ಇರುವೆ ಬುಟ್ಟಂಗೈತೆ, ಏನೇ ಅದು, ದಿನಾ ಬರಿಯಾದು ದಿನಾ ಅಳ್ಸಾದು?" ಎಂದು ಕೇಳಿದಳು.

ಕಾನ್ವೆಂಟಿನಲ್ಲಿ ಓದಿದ ನನಗೆ ನನ್ನ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಿ ಗೊತ್ತು, ಕನ್ನಡದಲ್ಲಿ ಹೇಳಿ ಅಭ್ಯಾಸವೇ ಇಲ್ಲ. ಆದರೂ ಪ್ರಯತ್ನಪಟ್ಟೆ. ಕಂಪ್ಯೂಟರಿನ ಬಾಗಿಲಿಗೆ ಹೊರಗಿನಿಂದ ಯಾರು ಬರಬಹುದು, ಯಾರು ಬರಬಾರದು ಎಂದು ಕಾಯುವ ಸಾಫ್ಟ್‌ವೇರ್ ಒಂದಿದೆ, ಅದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ನಮ್ಮದರಲ್ಲಿ ಒತ್ತಲು ಬಟನ್ ಇಲ್ಲ, ನೋಡಲು ಚಿತ್ರ ಇಲ್ಲ. ಒಂದೊಂದೇ ಸಾಲಿನ ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಯಾವ ಆಜ್ಞೆಗೆ ಏನು ಅರ್ಥ, ಅದರ ಜೊತೆ ಏನೇನು ಸೇರಿಸಬಹುದು, ಸೇರಿಸಿದರೆ ಏನಾಗುತ್ತದೆ ಎಂದು ತಿಳಿಸುವ ಕೈಪಿಡಿಯೊಂದಿದೆ. ಸಾಫ್ಟ್‌ವೇರನ್ನು ಬೇರೆಯವರು ಬರೆಯುತ್ತಾರೆ, ಬದಲಾಯಿಸುತ್ತಲೇ ಇರುತ್ತಾರೆ. ಅವರು ಬದಲಾಯಿಸಿದಾಗಲೆಲ್ಲ ಕೈಪಿಡಿ ಸುಳ್ಳು ಹೇಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಮ್ಮ, "ಅಂದ್ರೆ ನೀನು ಬೇಲಿ ಕಟ್ಟಾಕಿಲ್ಲ. ಬೇಲಿ ಹೆಂಗ್ ಕಟ್ಬೇಕು ಅಂತ ಹೇಳ್ತೀಯ" ಅಂದಳು. ಹೌದಮ್ಮ ಅಂದೆ. "ಅದ್ಕೂ ಸಂಬ್ಳ ಕೊಡ್ತಾರಾ?" ಅಂದಳು. ನಗಬೇಡ. ಆ ಪ್ರಶ್ನೆ ನನಗೂ ಆಗಾಗ ಬರುತ್ತದೆ.

ಇನ್ನು ನಿನ್ನ ವಿಷಯ. ಮಾವನಿಗೂ ಓದಿ ಹೇಳುತ್ತೀಯ ಎಂಬ ಆಸೆಯಿಂದ, ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನವೆಂಬರಿನಲ್ಲಿ ತುರುವೇಕೆರೆ ರಸ್ತೆಯ ಆ ತೆಂಗಿನ ಪುಡಿ ಕಾರ್ಖಾನೆಯಲ್ಲಿ ಏನೋ ಎಡವಟ್ಟಾಯಿತು, ಕಾರ್ಖಾನೆಯವರು ನೀನು ಕೆಲಸಕ್ಕಿದ್ದ ಇಜಾಜ್ ಅಂಗಡಿಗೆ ಕೊಟ್ಟಿದ್ದ ಕಂಪ್ಯೂಟರ್ ಉಸ್ತುವಾರಿಯನ್ನು ಕಿತ್ತುಕೊಂಡರು, ನೀನು ತಪ್ಪೆಲ್ಲ ನಿನ್ನದೇ ಎಂದು ಇಜಾಜ್‌ಗೆ ಹೇಳಿ ಅಂಗಡಿಯ ಕೀ ಮೇಜಿನ ಮೇಲಿಟ್ಟು ಮಾವನ ಮಂದೆಯ ಜೊತೆ ಹೊರಟುಬಿಟ್ಟೆ. ನನಗೆ ಆಗ ತಿಳಿದದ್ದು ಇಷ್ಟೇ. ಏನು ಎಡವಟ್ಟು ಎಂದು ಕೇಳಿದರೆ "ಬುಡಕ್ಕ, ಆಗೋಯ್ತು" ಅಂದಿದ್ದೆ. ನಾನೂ ಬಿಟ್ಟೆ. ಕೇಳಿದರೆ ನಿನಗೆ ನೋವಾಗುತ್ತದೆ ಎಂದು ಬಿಟ್ಟೆನೋ, ಕೇಳದಿದ್ದರೆ ನನಗೆ ಸಲೀಸು ಎಂದು ಬಿಟ್ಟೆನೋ, ಈಗಲೂ ಖಚಿತವಾಗಿ ಹೇಳಲಾರೆ.

ಡಿಸೆಂಬರಿನಲ್ಲಿ ಕೈಪಿಡಿಯ ಸಾರ್ವಜನಿಕ ಚರ್ಚೆಯ ಜಾಗಕ್ಕೆ ಒಂದು ವರದಿ ಬಂತು. ಬರೆದವರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿ. ಅಂಥವು ನಮಗೆ ಬರುತ್ತಲೇ ಇರುತ್ತವೆ. ಹೆಚ್ಚಿನವು ಬೈಗುಳ. "ನಿಮ್ಮ ಕೈಪಿಡಿ ದಂಡ" ಎಂಬಲ್ಲಿಗೆ ನಿಲ್ಲುತ್ತವೆ. ಇದು ಹಾಗಿರಲಿಲ್ಲ. ತಾನು ಯಾವ ಪುಟ ನೋಡಿದೆ, ಏನು ಟೈಪ್ ಮಾಡಿದೆ, ಏನಾಗುತ್ತದೆ ಎಂದುಕೊಂಡಿದ್ದೆ, ನಿಜವಾಗಿ ಏನಾಯಿತು ಎಂದು ಒಂದಾದ ಮೇಲೊಂದು, ಸಿಟ್ಟಿಲ್ಲದೆ ಬರೆದಿತ್ತು. ಆ ಪುಟದ ಮೊದಲ ಉದಾಹರಣೆಯಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದು, ಬರುವವರೆಲ್ಲರನ್ನೂ ತಡೆ. ಎರಡನೆಯದು, ಇಂಥ ವಿಳಾಸದಿಂದ ಬರುವ ಉಸ್ತುವಾರಿಯವನನ್ನು ಮಾತ್ರ ಒಳಗೆ ಬಿಡು. ಯಂತ್ರದ ಮುಂದೆಯೇ ಕೂತು ಟೈಪ್ ಮಾಡುವವನಿಗೆ ಇದರಿಂದ ಏನೂ ತೊಂದರೆಯಿಲ್ಲ. ಎರಡನ್ನೂ ಒಂದು ಫೈಲಿನಲ್ಲಿ ಬರೆದು ಒಟ್ಟಿಗೆ ಕೊಟ್ಟರೂ ತೊಂದರೆಯಿಲ್ಲ. ಆದರೆ ಬೇರೆ ಊರಿನಲ್ಲಿ ಕೂತು, ಆ ಯಂತ್ರಕ್ಕೆ ನೆಟ್ ಮೂಲಕ ಒಳಹೊಕ್ಕು, ಒಂದೊಂದೇ ಸಾಲು ಟೈಪ್ ಮಾಡುವವನ ಕಥೆ ಏನು? ಮೊದಲ ಸಾಲಿಗೆ ಎಂಟರ್ ಒತ್ತಿದ ಕೂಡಲೇ ಅವನೇ ಹೊರಗೆ. ಎರಡನೆಯ ಸಾಲು ಹೋಗಲು ದಾರಿಯೇ ಇರುವುದಿಲ್ಲ. ವರದಿ ಬರೆದವನಿಗೆ ಆಗಿದ್ದು ಅದೇ. ಯಂತ್ರವಿದ್ದ ಕಾರ್ಖಾನೆಯಲ್ಲಿ ತೂಕದ ಪರದೆ ನಿಂತು, ಲಾರಿಗಳು ಸಾಲುಗಟ್ಟಿ, ಅವನು ಬೈಕ್ ಹತ್ತಿ ಅಲ್ಲಿಗೆ ಹೋಗಿ ಕೀಬೋರ್ಡ್ ಮುಟ್ಟುವವರೆಗೆ ಎಲ್ಲ ಸ್ತಬ್ಧ. ಇದು ಜಗತ್ತಿನ ಯಾವ ಮೂಲೆಯಲ್ಲಾದರೂ ಆಗಿರಬಹುದಾಗಿತ್ತು. ಕಾರ್ಖಾನೆ ಯಾವುದರದು ಎಂದು ನೀನು ಬರೆದಿರಲಿಲ್ಲ. ನಾನು ಓದಿ, ಪಾಪ ಯಾರೋ ಎಂದುಕೊಂಡೆ.

ನಮ್ಮಲ್ಲಿ ಬಹಳ ವರ್ಷದಿಂದ ಇರುವ ಒಬ್ಬರು ಮರುದಿನವೇ ಉತ್ತರ ಕೊಟ್ಟು ಚರ್ಚೆ ಮುಚ್ಚಿದರು. ಉದಾಹರಣೆಗಳನ್ನು ಫೈಲಿನಂತೆ ಓದಬೇಕೆಂದು ಮುನ್ನುಡಿಯಲ್ಲಿ ಹೇಳಿದೆ, ಇದು ಬಳಸಿದವರ ತಪ್ಪು ಎಂದು. ನನಗೂ ಅದು ಸರಿಯೆಂದೇ ಕಂಡಿತು. ಮುಂದಿನ ಕೆಲಸಕ್ಕೆ ಹೋದೆ. ಹಾಗೆ ಮುಚ್ಚಿದ ಮೇಲೆ ಸಾಮಾನ್ಯವಾಗಿ ಜನ ಒಂದೋ ಕೂಗಾಡುತ್ತಾರೆ, ಇಲ್ಲವೇ ಕಾಣೆಯಾಗುತ್ತಾರೆ. ನೀನು ಎರಡನ್ನೂ ಮಾಡಲಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಬರೆದೆ. ನಿನ್ನ ಇಂಗ್ಲಿಷನ್ನು ನನಗೆ ಬಂದ ಕನ್ನಡದಲ್ಲಿ ಹೇಳುತ್ತೇನೆ: "ತಪ್ಪು ನನ್ನದೇ. ಅದನ್ನು ಒಪ್ಪಬೇಕಾದವರ ಮುಂದೆ ಒಪ್ಪಿ ಆಗಿದೆ. ಆದರೆ ಮುನ್ನುಡಿ ಓದುವವನು ಪುರುಸೊತ್ತಿನಲ್ಲಿ ಓದುತ್ತಾನೆ, ಉದಾಹರಣೆಯ ಪುಟಕ್ಕೆ ಬರುವವನು ಅವಸರದಲ್ಲಿ ಬಂದಿರುತ್ತಾನೆ. ಬೇಲಿಯನ್ನು ಚೆನ್ನಾಗಿಯೇ ಕಟ್ಟಿದ್ದೆ. ನಾನು ಯಾವ ಕಡೆ ನಿಂತಿದ್ದೇನೆ ಎಂದು ನೋಡಿಕೊಂಡಿರಲಿಲ್ಲ. ನಿಮ್ಮ ಪುಟವೂ ಕೇಳಲಿಲ್ಲ."

ಜುಂಜಾ, ಆ ಸಾಲನ್ನು ಎರಡು ಸಲ ಓದಿದೆ. ಹಂದನಕೆರೆ ಕಡೆಯ ನಮ್ಮ ಹಟ್ಟಿ, ಕುರಿ ಕೂಡುವ ರೊಪ್ಪ, ಸಂಜೆಯ ಬೆಳಕು ಎಲ್ಲ ಆ ಪರದೆಯೊಳಗೆ ಬಂದವು. ರೊಪ್ಪದ ಬಾಯಿಗೆ ಇಡುವ ಮುಳ್ಳಿನ ತಡಿಕೆಯನ್ನು ಒಳಗಿನಿಂದಲೇ ಕಟ್ಟಬೇಕು, ಕಟ್ಟಿದವನು ಒಳಗೇ ಕುರಿಯ ಜೊತೆ ಮಲಗಬೇಕು ಎಂಬುದು ಅಪ್ಪನ ಕಟ್ಟಳೆ. ಗಂಟು ಒಳಗಿದ್ದರೆ ತೋಳಕ್ಕೂ ಸಿಗದು, ಕಳ್ಳನಿಗೂ ಸಿಗದು. ಚಿಕ್ಕವನಿದ್ದಾಗ ಒಂದು ದಿನ ನೀನು, ತಡಿಕೆ ನಾನೇ ಕಟ್ಟುತ್ತೇನೆಂದು ಹಟ ಹಿಡಿದು, ಆಚೆ ನಿಂತುಕೊಂಡೇ ಸಂದಿಯಲ್ಲಿ ಕೈ ತೂರಿಸಿ, ಅಪ್ಪ ತೋರಿಸಿಕೊಟ್ಟಂತೆಯೇ ಬಿಗಿಯಾಗಿ ಗಂಟು ಹಾಕಿದೆ. ಕೈ ಈಚೆಗೆ ಎಳೆದುಕೊಂಡ ಮೇಲೆ ಗಂಟು ಎಟುಕಲಿಲ್ಲ. ಕುರಿಯೆಲ್ಲ ಒಳಗೆ, ನೀನು ಆಚೆ, ಅಪ್ಪನ ಕಂಬಳಿ ಬುತ್ತಿ ಎರಡೂ ಒಳಗೆ. ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಅಳುವ ಹಾಗಿದ್ದೆ. ಅಪ್ಪ ಬಂದು ಗಂಟನ್ನು ಬಗ್ಗಿ ನೋಡಿ, "ಬೇಲಿ ಚೆಂದಾಗೇ ಕಟ್ಟಿದೀಯ ಕಣ್ಲಾ ಮಗ. ನೀನ್ ಎತ್ಲಾಗ್ ನಿಂತಿದೀಯ ಅಂತ ನೋಡ್ಕಂಡೇನ್ಲಾ?" ಅಂದ. ಬೈಯಲಿಲ್ಲ. ಮೊದಲು ಗಂಟನ್ನು ಹೊಗಳಿದ. ಆಮೇಲೆ ಪ್ರಶ್ನೆ ಕೇಳಿದ. ಅಪ್ಪ ಹೋದ ಮೇಲೂ ಮನೆಯಲ್ಲಿ ಯಾರು ಏನು ಎಡವಟ್ಟು ಮಾಡಿಕೊಂಡರೂ ನಾವು ಆ ಮಾತು ಹೇಳಿಕೊಂಡು ನಗುತ್ತಿದ್ದೆವು. ಅದನ್ನು ಇಂಗ್ಲಿಷಿನಲ್ಲಿ ಬರೆಯಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ಆ ಪರದೆಯ ಮುಂದೆ ಕೂತಿದ್ದಳು.

ಆಮೇಲೆ ನನಗೆ ಶುರುವಾಯಿತು ಪೀಕಲಾಟ. ನಿನ್ನ ಮಾತು ಸರಿಯೆಂದು ನನಗೆ ಅನ್ನಿಸುತ್ತಿತ್ತು. ಆದರೆ ಯಾರೋ ಎಂದುಕೊಂಡಿದ್ದಾಗ ಅಷ್ಟು ಸರಿಯೆಂದು ಅನ್ನಿಸಿರಲಿಲ್ಲವಲ್ಲ. ಹಾಗಾದರೆ ಈಗ ಸರಿ ಕಾಣುತ್ತಿರುವುದು ಮಾತೋ, ತಮ್ಮನೋ? ಮುಚ್ಚಿದ ಚರ್ಚೆಯನ್ನು ತೆರೆಯುವ ಅಧಿಕಾರ ನನಗಿದೆ. ತೆರೆದರೆ ನಿನಗಾಗಿ ತೆರೆದಂತೆ. ತೆರೆಯದಿದ್ದರೆ, ನಿನಗಾಗಿ ತೆರೆದೆ ಎಂದು ಅನ್ನಿಸಿಕೊಳ್ಳಬಾರದೆಂದು ಸತ್ಯವನ್ನು ಮುಚ್ಚಿದಂತೆ. ಅಟ್ಟದ ಕಾಯಿ ಅಲ್ಲಾಡಿಸುತ್ತಿದ್ದ ನಿಮ್ಮ ಭಾವನನ್ನು ಕೇಳಿದೆ. "ಹಂಗಾದ್ರೆ ನೀನು ನೋಡ್ಬೇಡ, ಗುರ್ತಿಲ್ದೋರ್ ಕೈಲಿ ನೋಡ್ಸು" ಅಂದರು. ಇಷ್ಟು ಸುಲಭವೇ ಎಂದು ಅವರ ಮೇಲೆ ಸಿಟ್ಟೂ ಬಂತು, ಆದರೆ ಮಾಡಿದ್ದು ಅದನ್ನೇ. ನಮ್ಮ ತಂಡದಲ್ಲಿ ಪೋರ್ಚುಗಲ್ಲಿನ ಇನೇಸ್ ಎಂಬ ಹೆಂಗಸಿದ್ದಾಳೆ. ನನಗಿಂತ ಕಟ್ಟುನಿಟ್ಟು, ಯಾರನ್ನೂ ಮೆಚ್ಚಿದವಳಲ್ಲ. ಬರೆದವರು ನನಗೆ ಪರಿಚಯದವರಿರಬೇಕೆಂದು ಅನುಮಾನ, ಹಾಗಾಗಿ ಇದರ ತೀರ್ಮಾನ ನಾನು ಮಾಡುವುದಿಲ್ಲ, ನೀನು ನೋಡು ಎಂದು ಅವಳಿಗೆ ಬರೆದೆ. ಎಷ್ಟು ಪರಿಚಯ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನದು ನಿನಗೆ ಗೊತ್ತು. ಆದರೆ ನಾನು ಅದನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೆ ಎಂಬುದು ಗೊತ್ತಿಲ್ಲ. ಇನೇಸ್ ಚರ್ಚೆ ತೆರೆದಳು. ಎರಡು ಸಾಲುಗಳನ್ನು ಅದಲುಬದಲು ಮಾಡಿ ಎಂದು ವರದಿಯಲ್ಲಿ ನೀನು ಕೊಟ್ಟಿದ್ದ ಸಲಹೆಯನ್ನು ಅವಳು ಒಪ್ಪಲಿಲ್ಲ. ಅದಲುಬದಲು ಮಾಡಿದರೂ, ಬಿಡಬೇಕಾದ ವಿಳಾಸದಲ್ಲಿ ಒಂದಂಕಿ ತಪ್ಪಿದರೆ ಮತ್ತೆ ಅದೇ ಕಥೆಯಲ್ಲವೇ ಎಂದು ಕೇಳಿದಳು. ನಾನು ಇಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ. ಉತ್ತರ ಏನೆಂದು ನನಗೆ ಗೊತ್ತಿತ್ತು, ಹೇಳುವಂತಿರಲಿಲ್ಲ. ಎರಡು ದಿನ ನಿನ್ನ ಸದ್ದಿಲ್ಲ. ಅಲ್ಲಿ ಕರೆಂಟಿಲ್ಲವೋ, ಮಂದೆ ಏಳಿಸಿದಿರೋ, ಸೋತೆ ಎಂದು ಬಿಟ್ಟೆಯೋ ಎಂದು ಅಮ್ಮನಿಗೂ ಹೇಳಲಾಗದೆ ಒದ್ದಾಡಿದೆ. ಮೂರನೆಯ ದಿನ ಬರೆದೆ: ನೀವು ಹೇಳಿದ್ದು ಸರಿ, ನನ್ನ ಸಲಹೆ ಅರ್ಧ. ಮೊದಲು ಯಂತ್ರಕ್ಕೆ ಒಂದು ಗಡುವು ಹೇಳಿಡಬೇಕು, ಕೆಲವು ನಿಮಿಷದೊಳಗೆ ನಾನು ಎಲ್ಲ ಸರಿಯಿದೆ ಎಂದು ಹೇಳದಿದ್ದರೆ ಹಳೆಯ ನಿಯಮಗಳಿಗೇ ತಿರುಗಿಬಿಡು ಎಂದು. ಆಮೇಲೆ ಬಿಡುವ ಸಾಲು. ಕೊನೆಗೆ ತಡೆಯುವ ಸಾಲು. ಹೊರಗೆ ಬಿದ್ದವನು ಸ್ವಲ್ಪ ಹೊತ್ತು ಕಾದರೆ ಯಂತ್ರ ತಾನಾಗಿಯೇ ಬಾಗಿಲು ತೆಗೆಯುತ್ತದೆ. ಅನುಭವಿಗಳು ಹೀಗೆ ಮಾಡುವುದು ಹೊಸದೇನಲ್ಲ. ಅದನ್ನು ಮೊದಲ ಉದಾಹರಣೆಯಲ್ಲೇ ಇಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಇನೇಸ್ ಬರೆದ ಉತ್ತರ ಒಂದೇ ಪದ: "ಒಪ್ಪಿದೆ." ಅವಳು ಆ ಪದ ಬಳಸಿದ್ದನ್ನು ನಾನು ಕಂಡಿದ್ದೇ ಅಪರೂಪ. ನಾನು ಎದ್ದು ಹೋಗಿ ಅಮ್ಮನ ಕಣ್ಣಿಗೆ ಹನಿ ಹಾಕಿದೆ. ಹಾಕುವ ಹೊತ್ತು ಆಗಿರಲಿಲ್ಲ. "ಈಗ್ ತಾನೇ ಬುಟ್ಟಲ್ಲೇ" ಅಂತ ಬೈಸಿಕೊಂಡೆ.

ನಿನ್ನಲ್ಲಿ ನನಗೆ ಏನು ಇಷ್ಟವಾಯಿತು ಎಂದು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಅಕ್ಕ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಗಡುವಿನ ಉಪಾಯ ಹೊಳೆದದ್ದಲ್ಲ, ಅದು ಯಾರಿಗಾದರೂ ಹೊಳೆದೀತು. ಲಾರಿ ಡ್ರೈವರುಗಳ ಮುಂದೆ ಬೈಸಿಕೊಂಡು, ಕೆಲಸ ಬಿಟ್ಟು, ಬಯಲಿನಲ್ಲಿ ಕುರಿ ಕಾಯುತ್ತಾ ಕೂತವನು, ತನಗೆ ಆದದ್ದು ಇನ್ನೊಬ್ಬನಿಗೆ ಆಗಬಾರದೆಂದು ಆ ಚಿಕ್ಕ ಫೋನಿನಲ್ಲಿ ಬೆರಳು ಸವೆಸಿದೆಯಲ್ಲ, ಅದು. ನೀನು ಆ ಸಾಫ್ಟ್‌ವೇರನ್ನು ಮತ್ತೆ ಮುಟ್ಟಬೇಕಾಗಿಯೇ ಇರಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ದನಿ ಏರಿಸದೆ ನಿಂತೆ. ಇನೇಸ್ ತಪ್ಪು ತೋರಿಸಿದಾಗ ಒಪ್ಪಿಕೊಂಡೆ. ನಾನು ಇದ್ದಿದ್ದರೆ ಒಪ್ಪಿಕೊಳ್ಳುವ ಮೊದಲು ನಾಲ್ಕು ಸಾಲು ಸಮರ್ಥನೆ ಬರೆಯುತ್ತಿದ್ದೆ.

ಇನ್ನೊಂದಿದೆ. ಹೋದ ಬುಧವಾರ ಕೊಬ್ಬರಿ ಹರಾಜಿನ ದಿನ ಇಜಾಜ್ ಮನೆಗೆ ಬಂದಿದ್ದ. ಎಪಿಎಂಸಿ ಕಡೆ ಯಾರದೋ ಕ್ಯಾಮೆರಾ ಸರಿಮಾಡಲು ಬಂದವನು ಅಮ್ಮನ ಕಣ್ಣು ವಿಚಾರಿಸಿಕೊಂಡು ಹೋಗೋಣವೆಂದು ಬಂದೆ ಅಂದ. ಹಣ್ಣು ತಂದಿದ್ದ. ಅಮ್ಮ ಅವನಿಗೆ ಕಾಫಿ ಕೊಡುವ ಮೊದಲೇ "ನನ್ ಮಗುನ್ನ ಯಾಕಪ್ಪ ಓಡಿಸ್ದೆ?" ಅಂದುಬಿಟ್ಟಳು. ಅವನು ಪಾಪ, "ಯಾ ಅಲ್ಲಾ, ನಾನೆಲ್ಲಮ್ಮ ಓಡಿಸ್ದೆ, ಹೋಗ್ಬೇಡ ಅಂತ ಹೆಲ್ಮೆಟ್ ಕಿತ್ತಿಟ್ಕೊಂಡ್ರೆ ಹೆಲ್ಮೆಟ್ ಬಿಟ್ಟೇ ಹೋದ" ಅಂದ. ನಿನ್ನ ಹೆಲ್ಮೆಟ್ ಅಂಗಡಿಯ ಮೊಳೆಗೇ ನೇತಾಡುತ್ತಿದೆಯಂತೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ, "ಯಾವ್ ಪುಟ ನೋಡಿ ಹೊಡ್ದೆ, ತೋರ್ಸು, ಕಾರ್ಖಾನೆಯವರಿಗೆ ನಾನೇ ಹೇಳ್ತೀನಿ ಅಂತ ಎಷ್ಟ್ ಕೇಳ್ದೆ ಅಕ್ಕಾ. ಪುಟಗಿಟ ಏನಿಲ್ಲ ಇಜಾಜಣ್ಣ, ನಾನೇ ತಲೇಲಿಂದ ಹೊಡ್ದಿದ್ದು ಅಂದ." ಆ ಪುಟ ನಾನು ಕಾಯುವ ಪುಟ ಎಂದು ನಿನಗೆ ಚೆನ್ನಾಗಿ ಗೊತ್ತು. ನನ್ನನ್ನು ನಂಬಿಯೇ ಅದನ್ನು ತೆರೆದಿರುತ್ತೀಯ. ಅದರ ಹೆಸರು ಹೇಳಿದ್ದರೆ ಬೈಗುಳದಲ್ಲಿ ಅರ್ಧ ಕಡಿಮೆಯಾಗುತ್ತಿತ್ತು. ಅಕ್ಕನ ಹೆಸರು ಬರಬಾರದೆಂದು ಇಡೀ ಗಂಟನ್ನು ನೀನೇ ತಲೆಯ ಮೇಲಿಟ್ಟುಕೊಂಡೆ. ನಾನು ಅಲ್ಲಿಯೇ ಇಜಾಜ್‌ಗೆ ಹೇಳಿದೆ, ಪುಟ ಇತ್ತು, ಅದು ನಮ್ಮದು, ಈಗ ಅದನ್ನು ತಿದ್ದಿದ್ದೇವೆ, ತಿದ್ದಿಸಿದವನು ಅವನೇ ಎಂದು. ಇಜಾಜ್ ನನ್ನ ಮುಖ, ಅಮ್ಮನ ಮುಖ ನೋಡಿ, "ಅಕ್ಕ ತಮ್ಮ ಸೇರ್ಕೊಂಡು ನನ್ ಗಿರಾಕಿ ಕಳೆದ್ರಲ್ಲ ಕಣ್ರೀ!" ಅಂತ ನಗಲು ಶುರು ಮಾಡಿದ. ಕಾಫಿ ಎರಡನೆಯ ಸಲ ಕುಡಿದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ನಿನ್ನ ಕುರ್ಚಿಗೆ ಇನ್ನೂ ಯಾರನ್ನೂ ಕೂರಿಸಿಲ್ಲ ಎಂದು ಹೇಳಿದ. ನನಗೆ ಹೇಳಿದನೋ, ಬಾಗಿಲಿಗೆ ಹೇಳಿದನೋ ಗೊತ್ತಾಗದ ಹಾಗೆ.

ಅಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ರಾತ್ರಿ ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ, "ಮಿಷನ್ನು ಒಳಿಕ್ ಬುಡ್ಲಿಲ್ವಂತೆ, ಸರಿ. ಮನೇನೂ ಒಳಿಕ್ ಬುಡಾಕಿಲ್ಲ ಅಂತ ಯಾರ್ ಹೇಳವ್ರಂತೆ ಅವುನ್ಗೆ?" ಅಂದಳು. ಅದಕ್ಕೆ ಉತ್ತರವನ್ನು ನೀನೇ ಅವಳಿಗೆ ಹೇಳು.

ಪುಟದ ವಿಷಯ ಮುಗಿಸಿಬಿಡುತ್ತೇನೆ. ಉದಾಹರಣೆಗಿಂತ ಮೊದಲು ಒಂದು ಎಚ್ಚರಿಕೆಯ ಸಾಲು ಬೇಕೆಂದು ಇನೇಸ್ ಹೇಳಿದಳು, ಬರೆಯುವ ಕೆಲಸ ನನಗೆ ಕೊಟ್ಟಳು. ಕೈಪಿಡಿಯಲ್ಲಿ ಹೋಲಿಕೆ, ಅಲಂಕಾರ ಇರಬಾರದೆಂಬುದು ನಮ್ಮ ನಿಯಮ. ಆ ನಿಯಮ ಬರೆದವಳು ನಾನೇ. ಆದ್ದರಿಂದ ಒಣ ಸಾಲೊಂದನ್ನು ಬರೆದೆ: ದೂರದಿಂದ ಕೆಲಸ ಮಾಡುವವರು ತಮ್ಮ ಸಂಪರ್ಕ ಕಡಿಯುವ ಸಾಧ್ಯತೆಯನ್ನು ಪರಿಶೀಲಿಸತಕ್ಕದ್ದು. ಅವಳು ಅದನ್ನು ಹೊಡೆದು ಹಾಕಿ, ನಿನ್ನ ವರದಿಯಿಂದ ಎತ್ತಿ ಬೇರೆಯದನ್ನು ಹಾಕಿದಳು: "ಎಲ್ಲವನ್ನೂ ಮುಚ್ಚುವ ಮುನ್ನ, ನೀವು ಬೇಲಿಯ ಯಾವ ಕಡೆ ನಿಂತಿದ್ದೀರಿ ನೋಡಿಕೊಳ್ಳಿ." ಪಕ್ಕದಲ್ಲಿ ನನಗೆ ಒಂದು ಟಿಪ್ಪಣಿ ಬರೆದಿದ್ದಳು, ನಿಯಮ ಗೊತ್ತಿದೆ, ಆದರೆ ಅವಸರದಲ್ಲಿರುವವನಿಗೆ ಅರ್ಥವಾಗುವುದು ಇದೇ ಎಂದು. ನಾನು ತಿದ್ದಲಿಲ್ಲ. ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಕನ್ನಡಕ ತೆಗೆದು ಪರದೆಯನ್ನೇ ನೋಡಿದಳು. "ನಿಮ್ಮಪ್ಪ ಅಂಗಂದಿದ್ದು ಅವರ್ಗೆಂಗ್ ಗೊತ್ತಾಯ್ತೇ?" ಅಂದಳು. ಕನ್ನಡಕ ತೆಗೆಯಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವತ್ತು ನಾನು ನೆನಪಿಸಲಿಲ್ಲ.

ಮಾವನಿಗೆ ನನ್ನ ನಮಸ್ಕಾರ ತಿಳಿಸು. ಭಾವ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಹಬ್ಬಕ್ಕೆ ಎಳ್ಳು ಬೆಲ್ಲ ಒಂದಿಷ್ಟು ಕಟ್ಟಿ ಈ ಕವರಿನಲ್ಲೇ ಇಡುತ್ತೇನೆ. ಕೊಬ್ಬರಿ ನಮ್ಮ ಅಟ್ಟದ್ದೇ, ಅಮ್ಮ ತಾನೇ ಹೆಚ್ಚಿದ್ದು, ಒಂದೇ ಕಣ್ಣಿನಲ್ಲಿ ಹೆಚ್ಚಿದ್ದರಿಂದ ಚೂರುಗಳು ದಪ್ಪವಿವೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಕುರಿಗಳಿಗೂ ನಿಮಗೂ ಒಳ್ಳೆಯದಾಗಲಿ.

ನಿನ್ನನ್ನು ನೋಡಿ ಆವತ್ತು ನಕ್ಕವಳು, ಇವತ್ತು ಹೆಮ್ಮೆಪಡುತ್ತಿರುವ
ಅಕ್ಕ ವನಿತಾ

ಮರೆತ ಮಾತು: ಯಾರ ವರದಿಯಿಂದ ಪುಟ ಬದಲಾಯಿತೋ ಅವರ ಹೆಸರನ್ನು ಪುಟದ ಕೊನೆಯಲ್ಲಿ ಹಾಕುವುದು ನಮ್ಮ ಪದ್ಧತಿ. ಹಾಕಲು ಅವರ ಒಪ್ಪಿಗೆ ಬೇಕು. ಹಾಕಿದರೆ, ಹೊರಗೆ ಬಿದ್ದವನು ನೀನು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೇ ಕೇಳಲು ಹಿಂಜರಿದೆ, ಅದಕ್ಕೇ ಮೊದಲ ಕಾಗದದಲ್ಲಿ ಈ ವಿಷಯವನ್ನೇ ಬಿಟ್ಟಿದ್ದೆ. ನನಗೆ ಅಲ್ಲಿ 'ಜುಂಜೇಶ್ ಗೊಲ್ಲರಪ್ಪ' ಎಂದು ನೋಡುವ ಆಸೆ. ಮಾತು ಅಪ್ಪನದು, ಅಪ್ಪನ ಹೆಸರೂ ಇರಲಿ. ಹೊಸ ಪುಟ ತಿಂಗಳ ಕೊನೆಗೆ ಹೊರಡುತ್ತದೆ. ಜೊತೆಗೆ ವಿಳಾಸ ಬರೆದ ಕಾರ್ಡ್ ಇಟ್ಟಿದ್ದೇನೆ, ಸರಿ ಎಂದಷ್ಟೇ ಬರೆದು ಹಾಕು. ಬರದಿದ್ದರೆ ಹೆಸರಿಲ್ಲದೆ ಕಳಿಸುತ್ತೇನೆ, ಎಲ್ಲ ಮೊದಲಿದ್ದ ಹಾಗೇ ಇರುತ್ತದೆ, ಈ ವಿಷಯ ಮತ್ತೆ ಎತ್ತುವುದಿಲ್ಲ. ಇದು ನೀನೇ ಕಲಿಸಿದ ಗಡುವು. ಕಾರ್ಡನ್ನು ಅಂಚೆಗೇ ಹಾಕಬೇಕೆಂದಿಲ್ಲ, ನೀನೇ ತಂದುಕೊಟ್ಟರೂ ಆಯಿತು. ಈ ಮನೆಯ ಚಿಲಕ ಒಳಗಡೆ ಇದೆ, ನಾವೂ ಒಳಗಡೆಯೇ ಇದ್ದೇವೆ, ಕೂಗಿದರೆ ಸಾಕು. ಬೆಳಿಗ್ಗೆ ಎದ್ದು ಮತ್ತೆ ಓದಿದರೆ ಇದನ್ನೂ ಹರಿದೇನು ಎಂಬ ಭಯಕ್ಕೆ ಈಗಲೇ ಅಂಟಿಸಿ ಅಮ್ಮನ ಕೈಗೆ ಕೊಡುತ್ತೇನೆ. ನಾವಿಬ್ಬರೂ ಹೋಗಿ ಅಂಚೆಗೆ ಹಾಕುವುದು ನಾಳೆ, ಸೋಮವಾರ, ೧೨ ಜನವರಿ ೨೦೨೬.